ಅಜ್ಜಿ ಕಾಶಿಯಲ್ಲಿ ಬಿಟ್ಟದ್ದು

ಅಜ್ಜಿ ಲಿಂಗೈಕ್ಯಳಾದ ಮೇಲೆ ನಮ್ಮ ಮನೆತನದಲ್ಲಿ ಎದ್ದ ಏಕೈಕ ವ್ಯಾಜ್ಯ ಬದನೆಕಾಯಿಗೆ ಸಂಬಂಧಿಸಿದ್ದು. ಹೊರಗಿನವರಿಗೆ ಇದು ಹಗುರವಾಗಿ ಕಂಡೀತು. ಆದರೆ ಆ ಬದನೆಕಾಯಿಯ ನಂಟು ಕಾಶಿಯವರೆಗೆ ಹೋಗಿತ್ತು. ಮೇಲಾಗಿ ಅದರ ಹೊಟ್ಟೆಯೊಳಗೆ ಮಸಾಲೆಯ ಜೊತೆಗೆ ನಮ್ಮ ತಾಯಿಯ ಮಾನವೂ ಕೂತಿತ್ತು.

ಅಜ್ಜಿಯ ಸಂಸಾರ ಎರಡು ಊರುಗಳದ್ದು. ಹಿರಿಯ ಮಗನಾದ ನಮ್ಮ ತಂದೆ ಶಿವಮೊಗ್ಗದ ಕೋಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಕಿರಿಯ ಮಗ, ಅಂದರೆ ಚಿಕ್ಕಪ್ಪ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಅಜ್ಜಿ ಸ್ವಲ್ಪ ಕಾಲ ಇಲ್ಲಿ, ಸ್ವಲ್ಪ ಕಾಲ ಅಲ್ಲಿ. ಯಾವ ಮನೆಯಲ್ಲಿ ಯಾವಾಗ ಇರಬೇಕೆಂಬುದನ್ನು ಅವಳೇ ನಿರ್ಧರಿಸುತ್ತಿದ್ದಳು. ಕಾರಣ ಕೇಳುವ ಧೈರ್ಯ ಎರಡು ಮನೆಯಲ್ಲೂ ಯಾರಿಗೂ ಇರಲಿಲ್ಲ.

ಅವಳ ಭಕ್ತಿ ಗಟ್ಟಿಯಾದದ್ದು, ಗದ್ದಲದ್ದೂ ಹೌದು. ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಬಳಿದುಕೊಂಡು, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕೂತಳೆಂದರೆ ಮೊದಲು ಮಂತ್ರ, ಆಮೇಲೆ ವರದಿ. ತೊಗರಿಬೇಳೆ ದುಬಾರಿಯಾದದ್ದು, ಎದುರುಮನೆಯ ಸೊಸೆ ತವರಿಗೆ ಹೋದವಳು ಇನ್ನೂ ಬರದಿದ್ದದ್ದು, ನಾನು ಪರೀಕ್ಷೆಯಲ್ಲಿ ಫೇಲಾದದ್ದು, ಎಲ್ಲವನ್ನೂ ಶಿವನಿಗೆ ಒಪ್ಪಿಸುವಳು. "ನಿನಗೆ ಗೊತ್ತಿಲ್ಲದ್ದೇನಿದೆ, ಆದ್ರೂ ಹೇಳ್ತೀನಿ" ಎಂದು ಪೀಠಿಕೆ ಬೇರೆ. ಶಿವಮೊಗ್ಗದಲ್ಲಿ ಕೋಟೆಯ ದೇವಸ್ಥಾನದ ಗಂಟೆ ಕೇಳಿ ಪೂಜೆಗೆ ಕೂರುತ್ತಿದ್ದಳು. ಭದ್ರಾವತಿಯಲ್ಲಿ ಕಾರ್ಖಾನೆಯ ಸೈರನ್ ಕೇಳಿ. ಸೈರನ್ ಕೂಗಿದಾಗಲೆಲ್ಲ ಕೈಮುಗಿಯುತ್ತಿದ್ದಳು. ಅದು ದೇವರದಲ್ಲವೆಂದು ಚಿಕ್ಕಪ್ಪ ತಿಳಿಸಿ ಹೇಳಲು ಹೋದಾಗ, "ಇಷ್ಟು ಜನಕ್ಕೆ ಅನ್ನ ಕೊಡೋ ಕೂಗು ಮತ್ತ್ಯಾರದಾಗಿರುತ್ತೋ" ಎಂದು ಕೇಳಿದಳಂತೆ. ಚಿಕ್ಕಪ್ಪ ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ಕೆಲಸಕ್ಕೆ ಹೋದರು.

ಊಟದ ವಿಷಯದಲ್ಲಿ ಮಾತ್ರ ಅಜ್ಜಿಯ ಕೀರ್ತಿ ಭಕ್ತಿಗಿಂತ ಮುಂದೆ ಓಡುತ್ತಿತ್ತು. ಹುಳುಕು ಹುಡುಕುವುದರಲ್ಲಿ ಅವಳನ್ನು ಮೀರಿಸುವವರು ಕೋಟೆಯಲ್ಲಿರಲಿಲ್ಲ. ಅವಳು ಪಂಕ್ತಿಯಲ್ಲಿ ಕೂತಿದ್ದಾಳೆಂದು ತಿಳಿದರೆ ಮದುವೆಮನೆಯ ಅಡುಗೆಯವರು ಸಾರನ್ನು ಇನ್ನೊಮ್ಮೆ ರುಚಿ ನೋಡುತ್ತಿದ್ದರು. "ಹುಳಿ ಚೆನ್ನಾಗಿದೆ, ಉಪ್ಪೂ ಚೆನ್ನಾಗಿದೆ, ಪಾಪ, ಇಬ್ಬರಿಗೂ ಮಾತಿಲ್ಲ" ಎನ್ನುವಳು. ನಮ್ಮ ಮನೆಯಲ್ಲಿ ಒಲೆಯ ಮುಂದೆ ಅವಳನ್ನು ಬಿಟ್ಟು ಬೇರೆಯವರು ಕೂರುವಂತಿರಲಿಲ್ಲ. ಹಿರಿಯ ಸೊಸೆಯಾದ ನಮ್ಮ ತಾಯಿಗೆ ಹೆಚ್ಚುವ, ರುಬ್ಬುವ ಹಕ್ಕಷ್ಟೇ ಇತ್ತು. ಹೆಚ್ಚಿದ ಹೋಳುಗಳೂ ಪರಿಶೀಲನೆಗೆ ಒಳಪಡುತ್ತಿದ್ದವು.

ಹೀಗಿರಲು, ನಾನಿನ್ನೂ ಚಿಕ್ಕವನಾಗಿದ್ದಾಗ, ಅಜ್ಜಿ ಕುಂಸಿಯ ಗೆಳತಿಯೊಬ್ಬಳ ಜೊತೆ ಯಾತ್ರೆಯ ಗುಂಪಿನಲ್ಲಿ ಕಾಶಿಗೆ ಹೋಗಿ ಬಂದಳು. ಮುಚ್ಚಳಕ್ಕೆ ಬೆಸುಗೆ ಹಾಕಿದ ಗಂಗೆಯ ತಂಬಿಗೆ, ಕೈಗೆ ಕಟ್ಟುವ ಕಪ್ಪು ದಾರ, ಸ್ವಲ್ಪ ಕೆಮ್ಮು, ಇವನ್ನು ತಂದಳು. ಬಂದವಳೇ ನಮ್ಮ ತಾಯಿಗೆ, "ಇನ್ನು ಒಲೆ ನಿಂದು ಕಣವ್ವ" ಎಂದುಬಿಟ್ಟಳು.

ತಾಯಿಗೆ ಪಟ್ಟಾಭಿಷೇಕವಾದಷ್ಟು ಸಂಭ್ರಮ. ತವರಿನಲ್ಲಿ ಅವರ ಎಣ್ಣೆಗಾಯಿ ಬಹಳ ಹೊಗಳಿಸಿಕೊಂಡದ್ದು. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದೆ ಸೀಳಿ, ಹುರಿದ ಹುಚ್ಚೆಳ್ಳು, ಕೊಬ್ಬರಿ, ಖಾರ ತುಂಬಿ, ತವರಿನ ಪದ್ಧತಿಯಂತೆ ಕೈತುಂಬ ಬೆಲ್ಲ ಹಾಕಿ, ಎಣ್ಣೆಯಲ್ಲಿ ಬೇಯಿಸುವುದು. ಮೊದಲ ದಿನವೇ ಅದನ್ನು ಮಾಡಿದರು. ಅಜ್ಜಿ ಅಡುಗೆಮನೆಗೆ ಬಂದಳು, ಬಾಣಲೆಯ ಅಂಚಿಗಂಟಿದ್ದ ಮಸಾಲೆಯನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟುಕೊಂಡಳು, ಏನೂ ಹೇಳದೆ ಹೋಗಿ ಮಣೆಯ ಮೇಲೆ ಕೂತಳು. ಬಡಿಸಲು ಹೋದಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ಅದನ್ನ ಕಾಶೀಲಿ ಬಿಟ್ಟು ಬಂದಿದೀನಿ ಕಣವ್ವ."

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರುವುದು, ಬಿಟ್ಟದ್ದನ್ನು ಬದುಕಿರುವವರೆಗೆ ಬಾಯಿಗಿಡದಿರುವುದು ವಾಡಿಕೆ. ಬುದ್ಧಿವಂತರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಅಜ್ಜಿ ಎಣ್ಣೆಗಾಯಿಯನ್ನೇ ಬಿಟ್ಟಿದ್ದಾಳೆಂದರೆ ಅವಳ ವೈರಾಗ್ಯ ಎಷ್ಟು ದೊಡ್ಡದು ಎಂದು ನಾವೆಲ್ಲ ತಲೆದೂಗಿದೆವು. ತಾಯಿಯೂ ತಲೆದೂಗಿದರು. ಆದರೆ ಅವರ ತಲೆಯೊಳಗೆ ಆ ದಿನವೇ ಒಂದು ಸಂಶಯ ಹೊಕ್ಕಿತು. ಬಿಟ್ಟದ್ದು ನಿಜವಾಗಿ ಕಾಶಿಯಲ್ಲೋ, ಅಥವಾ ಬಾಣಲೆಯ ಅಂಚಿಗೆ ಬೆರಳಿಟ್ಟ ಗಳಿಗೆಯಲ್ಲೋ? ವ್ರತವನ್ನು ಪ್ರಶ್ನಿಸುವ ಸೊಸೆ ಯಾವ ಮನೆಯಲ್ಲಿದ್ದಾಳೆ? ಎಣ್ಣೆಗಾಯಿ ನಮ್ಮ ಮನೆಯಲ್ಲಿ ನಡೆದೇ ನಡೆಯಿತು. ಅಜ್ಜಿಯ ಅಂಗೈಯೂ ಅಡ್ಡ ಬರುತ್ತಲೇ ಇತ್ತು.

ಇನ್ನೊಂದು ಸಂಗತಿಯನ್ನೂ ಎಲ್ಲರೂ ಗಮನಿಸಿದ್ದರು. ಕಾಶಿಯಿಂದ ಬಂದ ಅಜ್ಜಿ ಊಟದ ಬಗ್ಗೆ ಒಂದು ಕೊಂಕು ಮಾತನ್ನೂ ಆಡಲಿಲ್ಲ. ವಯಸ್ಸಾಯಿತು, ನಾಲಿಗೆ ಮಂದವಾಯಿತು ಎಂದುಕೊಂಡೆವು. ಕೆಲವರು ಗಂಗೆಯ ಮಹಿಮೆ ಎಂದರು.

ಅವಳ ಕೊನೆಯೂ ಅವಳಿಗೆ ತಕ್ಕಂತೆಯೇ ಆಯಿತು. ಉಸಿರು ಸಣ್ಣದಾದಾಗ, ಅಷ್ಟು ವರ್ಷ ಕಾಪಾಡಿದ್ದ ಗಂಗೆಯನ್ನು ಬಾಯಿಗೆ ಬಿಡೋಣವೆಂದು ತಂಬಿಗೆ ತಂದರು. ಬೆಸುಗೆ ಬಿಡಲೊಲ್ಲದು. ತಂದೆ ಕತ್ತರಿ ತಂದರು. ದಿನವೂ ಕಬ್ಬಿಣ ಕರಗಿಸುವ ಕಾರ್ಖಾನೆಯಿಂದ ಬಂದಿದ್ದ ಚಿಕ್ಕಪ್ಪ ಹಲ್ಲು ಕಚ್ಚಿ ತಿರುಗಿಸಿದರು, ಆಮೇಲೆ ಸುತ್ತಿಗೆ ತಂದು ಕುಟ್ಟತೊಡಗಿದರು. ಆ ಸದ್ದಿಗೆ ಅಜ್ಜಿ ಕಣ್ಣು ಬಿಟ್ಟು, "ನಿಧಾನ ಕಣ್ರೋ, ತಂಬಿಗೆ ನಗ್ಗುತ್ತೆ" ಎಂದಳು. ಗೋಡೆಗೊರಗಿ ಕೂತಳು. ಗಂಜಿ ಕುಡಿದಳು. ಇನ್ನೂ ಒಂದು ವಾರ ಇದ್ದು, ಒಂದು ಬೆಳಗ್ಗೆ ಪೂಜೆ ಮುಗಿಸಿ, ಲಿಂಗ ಅಂಗೈಯಲ್ಲಿರುವಾಗಲೇ ಹೋದಳು. ಆ ದಿನದ ವರದಿ ಪೂರ್ತಿಯಾಗಿತ್ತೋ ಇಲ್ಲವೋ ತಿಳಿಯದು. ಗಂಗೆಯ ತಂಬಿಗೆಯನ್ನು ತೆರೆಯದೆ ಅವಳ ಪಕ್ಕದಲ್ಲೇ ಸಮಾಧಿಯೊಳಗಿಟ್ಟೆವು.

ಇನ್ನು ಉಳಿದದ್ದು ಶಿವಗಣಾರಾಧನೆ. ಆ ದಿನ ಮನೆತನದ ಗುರುಗಳಾದ ಅಯ್ಯನವರ ಪಾದಪೂಜೆ ಮಾಡಿ, ಹೋದವರಿಗೆ ಪ್ರಿಯವಾದ ಅಡುಗೆಯನ್ನೆಲ್ಲ ಅವರ ಪಟದ ಮುಂದೆ ಎಡೆ ಇಟ್ಟು, ಬಂಧುಗಳು ಉಣ್ಣಬೇಕು. ನಾನು ಆಗಷ್ಟೇ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಆದ್ದರಿಂದ ಓಡಾಟ ಮತ್ತು ವಿಚಾರಣೆಯ ಖಾತೆಗಳು ನನ್ನ ಪಾಲಿಗೆ ಬಂದವು. ಚಿಕ್ಕಮ್ಮನನ್ನು ಕಂಡು ಏನೇನು ಆಗಬೇಕೆಂದು ಮಾತಾಡಿಕೊಂಡು ಬರಲು ನನ್ನನ್ನು ಭದ್ರಾವತಿಗೆ ಕಳಿಸಿದರು.

ಕಾರ್ಖಾನೆಯ ಕ್ವಾರ್ಟರ್ಸಿನ ಸಣ್ಣ ಅಡುಗೆಮನೆಯಲ್ಲಿ ಚಿಕ್ಕಮ್ಮ ಒಲೆ ಊದುತ್ತಿದ್ದರು.

"ಎಡೆಗೆ ಅಕ್ಕ ಏನೇನು ಮಾಡ್ತಾರಂತೆ?"

"ಹೋಳಿಗೆ, ಕಡುಬು, ಹೆಸರುಬೇಳೆ ಪಾಯಸ..."

"ಎಣ್ಣೆಗಾಯಿ?"

"ಅದನ್ನ ಅಜ್ಜಿ ಕಾಶೀಲಿ ಬಿಟ್ಟಿದ್ಳಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಊದುಗೊಳವೆ ಕೆಳಗಿಟ್ಟರು. "ಯಾರು ಹೇಳಿದ್ದು ಮಾರಾಯ? ಹೋದ ದೀಪಾವಳೀಲಿ ಇಲ್ಲೇ, ಈ ಮಣೆ ಮೇಲೇ ಕೂತು ಎಣ್ಣೆಗಾಯಿ ತಿಂದು 'ಇನ್ನೊಂದು ಹಾಕೇ' ಅಂದ್ರು. ಅವರು ಕಾಶೀಲಿ ಬಿಟ್ಟಿದ್ದು ಕಡುಬು."

"ಕಡುಬಾ?"

"ಕಡುಬು. ಬಡಿಸೋಕೆ ಹೋದಾಗ 'ಅದನ್ನ ಕಾಶೀಲಿ ಬಿಟ್ಟಿದೀನಿ' ಅಂತ ನನಗೆ ಬಾಯಿಬಿಟ್ಟು ಹೇಳಿದಾರೆ. ಈ ಮನೇಲಿ ಅವರು ಕಡುಬು ಮುಟ್ಟಿದ್ದನ್ನ ಯಾರಾದ್ರೂ ನೋಡಿದ್ರೆ ಹೇಳ್ಲಿ."

ಶಿವಮೊಗ್ಗದಲ್ಲಿ ಅಜ್ಜಿ ಕಾಯಿಚಟ್ನಿಯಲ್ಲಿ ಕಡುಬು ಅದ್ದಿ ತಿನ್ನುವುದನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೆ. ಚಿಕ್ಕಮ್ಮನ ಕಡುಬನ್ನೂ ಬಲ್ಲೆ. ಕಾರ್ಖಾನೆಯ ಮಾಲು ಮನೆಯಲ್ಲೂ ತಯಾರಾಗುತ್ತದೆ ಎಂದು ಚಿಕ್ಕಪ್ಪ ಮರೆಯಲ್ಲಿ ಹೇಳುತ್ತಿದ್ದರು. ಪಾಳಿ ಮುಗಿಸಿ ಒಳಗೆ ಮಲಗಿದ್ದ ಅವರು ಈಗ, "ನಾನೂ ಆವಾಗ್ಲೇ ಒಂದ್ಸಲ ಕಾಶಿಗೆ ಹೋಗಿ ಬರಬೇಕಿತ್ತು" ಎಂದರು.

"ಏನಂದ್ರಿ?"

"ಏನಿಲ್ಲ, ಸೈರನ್ ಆಯ್ತಾ ಅಂದೆ."

ಅಷ್ಟರಲ್ಲಿ ಪಕ್ಕದ ಮನೆಯ ತಮಿಳು ಹೆಂಗಸು ಬಾಗಿಲಲ್ಲಿ ನಿಂತು ವಿಷಯ ಕೇಳಿ, "ಪಾಟಿ, ನಿಮ್ಮತ್ತೆ, ಬಿಟ್ಟಿದ್ದು ಕಾಪಿ ಅಲ್ಲವಾ ಅಮ್ಮಾ? ನಮ್ಮ ಮನೇಲಿ ಕಾಪಿ ಕೊಟ್ರೆ 'ಕಾಶಿ, ಕಾಶಿ' ಅಂತ ಕೈ ಮುಗಿತಾರೆ" ಎಂದರು. ಕಾಫಿಯಿಲ್ಲದೆ ಅಜ್ಜಿಗೆ ಮಧ್ಯಾಹ್ನ ಆಗುತ್ತಿರಲಿಲ್ಲವೆಂಬುದನ್ನು ನಾನು ಹೇಳಲಿಲ್ಲ. ವಿಚಾರಣಾಧಿಕಾರಿ ಸಾಕ್ಷಿಗಳ ಜೊತೆ ವಾದಕ್ಕಿಳಿಯಬಾರದು.

ಬಸ್ಸಿನಲ್ಲಿ ವಾಪಸು ಬರುವಾಗ ಆ ಸುದ್ದಿಯನ್ನು ತುಂಬಿದ ಎಣ್ಣೆಯ ಗಿಂಡಿಯಂತೆ ತುಳುಕದ ಹಾಗೆ ಹೊತ್ತು ಬಂದೆ. ಮೊದಲು ತಂದೆಯವರ ಕಿವಿಯಲ್ಲಿ ಹಾಕಿದೆ.

"ಇದನ್ನ ನಿಮ್ಮಮ್ಮನಿಗೆ ಹೇಳಬೇಡ" ಎಂದರು.

"ಏನು ಹೇಳಬಾರದು?" ತಾಯಿ ಮೊರ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಹೇಳಲೇಬೇಕಾಯಿತು. ತಾಯಿ ಮೊರದೊಳಗಿನ ಅಕ್ಕಿಯಲ್ಲಿ ಒಂದೆರಡು ಕಲ್ಲು ಆರಿಸಿ ಎಸೆದರು.

"ಅಲ್ಲಿ ಇನ್ನೊಂದು ಹಾಕು ಅಂದ್ರಂತಾ?"

"ಅಂದ್ರಂತೆ."

"ಹಂಗಾದ್ರೆ ಅವರು ಕಾಶೀಲಿ ಬಿಟ್ಟಿದ್ದು ಬದನೆಕಾಯಲ್ಲ. ನನ್ನ ಕೈನಾ?"

ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಎಡೆಯ ಅಡುಗೆಗೆ ಕೈ ಹಾಕುವುದಿಲ್ಲವೆಂದು ಮೊರ ಕೆಳಗಿಟ್ಟರು. ಆರಾಧನೆಗೆ ಉಳಿದಿದ್ದದ್ದು ಸ್ವಲ್ಪವೇ ದಿನ.

ತಂದೆ ಸಮಾಧಾನಕ್ಕೆಂದು ಹಳೆಯ ನೆನಪೊಂದನ್ನು ತೆಗೆದರು. "ಕಾಶಿಯಿಂದ ಬಂದ ದಿನ ಸ್ಟೇಷನ್ನಿಗೆ ಕರೆಯೋಕೆ ಹೋಗಿದ್ದೆ. ಏನು ಬಿಟ್ಟೆಯವ್ವ ಅಂತ ಕೇಳ್ದೆ. ಇಂಜಿನ್ನು ಕೂಗ್ತಾ ಇತ್ತು, ಸರಿಯಾಗಿ ಕೇಳಿಸ್ಲಿಲ್ಲ. ಹೆಸರು ಅಂತ ಏನೋ ಅಂದ್ಳು. ಹೆಸರುಕಾಳೇ ಇರಬೇಕು."

"ಹೆಸರುಬೇಳೆ ಪಾಯಸ ಹೋದ ತಿಂಗಳೂ ಉಂಡ್ರಲ್ಲ. ನೀವೇ ಬಡಿಸಿದ್ದು."

"ಬೇಳೆ ಬೇರೆ, ಕಾಳು ಬೇರೆ" ಎಂದರು ತಂದೆ. ಜವಳಿ ಅಂಗಡಿಯವರಿಗೆ ಒಂದೇ ಹತ್ತಿಯನ್ನು ನಾಲ್ಕು ಬಗೆಯಾಗಿ ತೋರಿಸುವ ಅಭ್ಯಾಸ. ಆದರೆ ಈ ಗಿರಾಕಿ ಒಪ್ಪಲಿಲ್ಲ.

ಅಯ್ಯನವರನ್ನು ಕರೆಸಿದೆವು. ಅವರು ಚಾಪೆಯ ಮೇಲೆ ಕೂತು ಪ್ರಕರಣವನ್ನು ಆಮೂಲಾಗ್ರವಾಗಿ ಕೇಳಿದರು. ಬಿಟ್ಟ ಪದಾರ್ಥವನ್ನು ಎಡೆಗಿಟ್ಟರೆ ಕೈಲಾಸದಲ್ಲಿ ವ್ರತಭಂಗ, ಬಿಡದ ಪ್ರಿಯ ಪದಾರ್ಥವನ್ನು ಇಡದಿದ್ದರೆ ಹೋದವರಿಗೆ ಅರೆಹೊಟ್ಟೆ, ಆದ್ದರಿಂದ ನಿಜ ತಿಳಿಯುವುದು ಅಗತ್ಯ ಎಂದು ತೀರ್ಪು ಕೊಟ್ಟರು. "ಸದ್ಯಕ್ಕೆ ಹೋಳಿಗೆಯ ಮೇಲೆ ಯಾರ ತಕರಾರೂ ಇಲ್ಲವಷ್ಟೆ" ಎಂದು ತಂದೆ ಹೇಳಿದಾಗ ಅಯ್ಯನವರು ರುದ್ರಾಕ್ಷಿ ಎಣಿಸುತ್ತಿದ್ದ ಬೆರಳನ್ನು ನಿಲ್ಲಿಸಿದರು.

"ನಮ್ಮ ಮನೆಯವರು ಪ್ರತಿ ಯುಗಾದಿಗೂ ನಿಮ್ಮ ತಾಯಿಗೆ ಹೋಳಿಗೆ ಕಳಿಸೋರು. ಅವರು ಹೋಳಿಗೇನ ಕಾಶೀಲಿ..." ಎಂದು ಅಲ್ಲಿಗೇ ಬಿಟ್ಟರು. ಮತ್ತೆ ರುದ್ರಾಕ್ಷಿ ಎಣಿಸತೊಡಗಿ, "ಹಿಂಗೇ ಹೋದ್ರೆ ಎಡೆಗೆ ಉಳಿಯೋದು ಉಪ್ಪು, ನೀರು" ಎಂದರು.

ಉಪ್ಪಿನ ಬಗ್ಗೆಯೂ ಯಾರಾದರೂ ಸಾಕ್ಷಿ ಹೇಳುವ ಮೊದಲೇ ನನ್ನನ್ನು ಕುಂಸಿಗೆ ರೈಲು ಹತ್ತಿಸಿದರು. ಕಾಶಿಯಲ್ಲಿ ಅಜ್ಜಿಯ ಪಕ್ಕದಲ್ಲಿ ಕೂತು ತಾನೂ ಬಿಟ್ಟವಳು ಆ ಗೆಳತಿಯೊಬ್ಬಳೇ.

ಕುಂಸಿಯ ಅಜ್ಜಿ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಗೆಳತಿ ಹೋದ ಸುದ್ದಿ ಮೊದಲೇ ತಲುಪಿತ್ತು. ಕಣ್ಣು ಕೆಂಪಾಗಿದ್ದವು. ನಾನು ಬದನೆಕಾಯಿಯಿಂದ ಶುರುಮಾಡಿ ಕಡುಬು, ಕಾಫಿ, ಹೋಳಿಗೆಯವರೆಗೆ ಗಂಭೀರವಾಗಿ ಅರಿಕೆ ಮಾಡಿಕೊಂಡೆ. ಕಡುಬಿನ ಹೊತ್ತಿಗೆ ಅವಳ ಭುಜ ಅಲುಗತೊಡಗಿತು. ಹೋಳಿಗೆಯ ಹೊತ್ತಿಗೆ ನಾನು ಒಳಗಿನಿಂದ ನೀರು ತಂದುಕೊಡಬೇಕಾಯಿತು.

"ಅಷ್ಟು ಜನಕ್ಕೂ ಹಂಗೇ ಅಂದಿದ್ಳಾ ಆ ಮಾರಾಯ್ತಿ?"

"ಏನು ಬಿಟ್ಟಿದ್ದು ಅಜ್ಜಿ?"

"ಹೇಳಿ ಕಳಿಸೋ ಮಾತಲ್ಲ ತಮ್ಮ. ನಿಮ್ಮಮ್ಮನ ಮುಂದೇ ಹೇಳ್ತೀನಿ. ಸೀರೆ ಬದಲಾಯಿಸಿ ಬರ್ತೀನಿ, ತಡಿ."

ರೈಲಿನಲ್ಲಿ ದಾರಿಯುದ್ದಕ್ಕೂ ತನ್ನಷ್ಟಕ್ಕೇ ನಗುತ್ತ ಬಂದಳು. ನಡುನಡುವೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದು ಯಾವ ಕಾರಣದ ನೀರೆಂದು ನಾನು ಕೇಳಲಿಲ್ಲ.

ನಮ್ಮ ಅಡುಗೆಮನೆಯಲ್ಲಿ ತಾಯಿ, ಆಗತಾನೇ ಭದ್ರಾವತಿಯಿಂದ ಬಂದಿಳಿದಿದ್ದ ಚಿಕ್ಕಮ್ಮ, ಬಾಗಿಲ ಹೊರಗೆ ತಂದೆ ಮತ್ತು ಅಯ್ಯನವರು. ಕುಂಸಿಯ ಅಜ್ಜಿ ಕಾಲು ಚಾಚಿ ಕೂತು ಹೇಳಿದಳು.

"ಗಂಗೆ ದಡದಲ್ಲಿ ಕೂರಿಸಿ ಅಲ್ಲಿನ ಪೂಜಾರಿ, ಆ ಪಂಡ, 'ಏನು ಬಿಡ್ತೀರಿ ಹೇಳಿ' ಅಂದ. ನಾನು ಹಲಸಿನ ಹಣ್ಣು ಅಂದೆ. ನನಗೆ ತಿಂದ್ರೆ ಹೊಟ್ಟೆ ಉಬ್ಬುತ್ತಿತ್ತು, ಅದಕ್ಕೆ. ಇವಳು ಸುಮ್ನೆ ಕೂತ್ಳು. ಬೇಗ ಹೇಳೇ, ಬಿಸಿಲು ಅಂದೆ. 'ಹಣ್ಣು, ಕಾಯಿ ಎಲ್ಲಾ ಶಿವಂದು. ಅವನದನ್ನ ಅವನಿಗೆ ಬಿಡಾಕೆ ನಾನ್ಯಾರು? ನಂದು ಅಂತ ಇರೋದು ಒಂದೇ, ಊಟಕ್ಕೆ ಹೆಸರಿಡೋದು, ಅದು ಸರಿಯಿಲ್ಲ ಇದು ಸರಿಯಿಲ್ಲ ಅನ್ನೋದು. ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಹೆಸರಿಟ್ಟೂ ಹೆಸರಿಟ್ಟೂ ನಾಲಿಗೆ ಹೊಲಸಾಯ್ತು ಕಣೇ. ಅದನ್ನ ಬಿಡ್ತೀನಿ' ಅಂದ್ಳು. ಪಂಡನಿಗೆ ಕನ್ನಡ ಬರಲ್ಲ. ನಮ್ಮ ಗುಂಪಿನ ಮೇಸ್ತ್ರಿ ಅರ್ಧ ಕೇಳಿಸಿಕೊಂಡು, 'ಹೆಸರಾ? ಮೂಂಗ್, ಮೂಂಗ್' ಅಂದ. ಪಂಡ ನಾಲ್ಕು ಹೆಸರುಕಾಳು ತಂದು ಇವಳ ಕೈಗಿಟ್ಟು ಗಂಗೇಲಿ ಬಿಡಿಸಿಬಿಟ್ಟ. 'ಪರವಾಗಿಲ್ಲ, ಶಿವನಿಗೆ ಕನ್ನಡ ಬರುತ್ತೆ' ಅಂದ್ಳು."

ಬಾಗಿಲ ಹೊರಗೆ ತಂದೆ, "ನಾನು ಹೇಳಲಿಲ್ವಾ, ಹೆಸರು ಅಂತ" ಎಂದರು. ಅವರ ಕಡೆಗೆ ಯಾರೂ ತಿರುಗಲಿಲ್ಲ.

ನಮಗೆ ಅರ್ಥ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಎಣ್ಣೆಗಾಯಿಯ ಮುಂದೆ, ಕಡುಬಿನ ಮುಂದೆ, ಹೋಳಿಗೆಯ ಮುಂದೆ ನಾಲಿಗೆಯ ತುದಿಗೆ ಬಂದ ಮಾತನ್ನು ತಡೆದು, "ಅದನ್ನ ಕಾಶೀಲಿ ಬಿಟ್ಟಿದೀನಿ" ಎಂದಿದ್ದಳು. 'ಅದು' ಎಂದರೆ ತಟ್ಟೆಯಲ್ಲಿದ್ದದ್ದು ಎಂದು ನಾವು ತಿಳಿದೆವು. ಅವಳು ಹೇಳಿದ್ದು ಬಾಯಲ್ಲಿದ್ದದ್ದನ್ನು. ಕೋಟೆಯಲ್ಲೇ ಹೆಸರಾಂತ ಆ ನಾಲಿಗೆ ಅಷ್ಟು ವರ್ಷ ಒಂದು ಸಲವೂ ಜಾರದೆ ವ್ರತ ನಡೆಸಿತ್ತು. ಉಪವಾಸ ಮಾಡಿದವರನ್ನು ನಾನು ಬಹಳ ಕಂಡಿದ್ದೇನೆ. ಇಂಥ ಉಪವಾಸ ಮಾಡಿದ ಇನ್ನೊಬ್ಬರನ್ನು ಕಂಡಿಲ್ಲ.

ಎಲ್ಲರೂ ತಾಯಿಯನ್ನು ನೋಡುತ್ತಿದ್ದರು. ಅವರ ಸಂಶಯ ನಿಜವಾಗಿತ್ತು.

"ಹಂಗಾದ್ರೆ ನನ್ನ ಎಣ್ಣೆಗಾಯಿ ಚೆನ್ನಾಗಿರ್ತಿರಲಿಲ್ಲ ಅಂತ ಆಯ್ತು" ಎಂದರು ತಾಯಿ.

"ನನ್ನ ಕಡುಬೂ" ಎಂದರು ಚಿಕ್ಕಮ್ಮ ಮೆಲ್ಲಗೆ.

"ನಮ್ಮ ಹೋಳಿಗೆಯ ಸಂಗತಿ ಈ ಗೋಡೆ ದಾಟುವುದು ಬೇಡ" ಎಂದು ಅಯ್ಯನವರು ಬಾಗಿಲ ಹೊರಗಿನಿಂದ ಕೇಳಿಕೊಂಡರು.

ತಾಯಿ ಎದ್ದು ಬುಟ್ಟಿಯಿಂದ ಬದನೆಕಾಯಿ ಸುರಿದುಕೊಂಡರು. "ಬದನೆಕಾಯಿ ಬಿಟ್ಟಿಲ್ಲ ಅಂದ್ಮೇಲೆ ಎಡೆಗೆ ಇಡಬಹುದಲ್ಲ. ನನ್ನ ಎಣ್ಣೆಗಾಯಿ ಇಡ್ತೀನಿ. ನೀನು ನಿನ್ನ ಕಡುಬು ಮಾಡೇ. ಹೆಸರಿಡೋದನ್ನ ಬಿಟ್ಟಿದ್ದು ಅವರು, ಅಡುಗೆ ಮಾಡೋದನ್ನ ನಾವು ಬಿಟ್ಟಿಲ್ಲ."

ಹೀಗೆ ಆರಾಧನೆಯ ದಿನ ಅಜ್ಜಿಯ ಪಟದ ಮುಂದೆ, ಅವಳು ಕಾಶಿಯಿಂದ ಬಂದಾಗಿನಿಂದ ಅಂಗೈ ಅಡ್ಡ ಹಿಡಿದಿದ್ದ ಪದಾರ್ಥಗಳೆಲ್ಲ ಒಂದೇ ಬಾಳೆ ಎಲೆಯ ಮೇಲೆ ಸೇರಿದವು. ತಮಿಳು ಹೆಂಗಸಿನ ಕಾಫಿ ಭದ್ರಾವತಿಯಿಂದ ಫ್ಲಾಸ್ಕಿನಲ್ಲಿ ಬಂತು. ಅಯ್ಯನವರ ಮನೆಯ ಹೋಳಿಗೆ ಬಟ್ಟೆ ಮುಚ್ಚಿಕೊಂಡು ಬಂತು. ಈಗ ಅಡ್ಡ ಹಿಡಿಯಲು ಅಂಗೈ ಇರಲಿಲ್ಲ. ಅದು ಹೊಳೆದಾಗ ಬಡಿಸುತ್ತಿದ್ದ ತಾಯಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೊಂದು ಬದನೆಕಾಯಿ ಹಾಕಿದರು.

ಪಂಕ್ತಿಯಲ್ಲಿ ಭಾರಿ ಮೌನ. ಹೆಸರಿಡದಿರುವುದೇ ಅಜ್ಜಿಗೆ ಸಲ್ಲಿಸುವ ಗೌರವವೆಂದು ಎಲ್ಲರೂ ಒಳಗೊಳಗೇ ತೀರ್ಮಾನಿಸಿದ್ದರು. ಚಿಕ್ಕಪ್ಪ ಕಡುಬನ್ನು ಎರಡೂ ಕೈಯಿಂದ ಮುರಿದು ಭಕ್ತಿಯಿಂದ ಅಗಿದರು. ಅಯ್ಯನವರು ತಮ್ಮ ಮನೆಯ ಹೋಳಿಗೆಯನ್ನು ಕಣ್ಣು ಮುಚ್ಚಿ ಸ್ವೀಕರಿಸಿದರು. ಕುಂಸಿಯ ಅಜ್ಜಿ ಎಣ್ಣೆಗಾಯಿ ಬಾಯಿಗಿಟ್ಟು, ಅಗಿದು, ನುಂಗಿ, ತಾಯಿಯನ್ನು ಹತ್ತಿರ ಕರೆದಳು.

"ನೋಡವ್ವ, ಕಾಶೀಲಿ ನಾನು ಬಿಟ್ಟಿದ್ದು ಬರೀ ಹಲಸಿನ ಹಣ್ಣು. ಅದಕ್ಕೇ ಹೇಳ್ತೀನಿ. ಬೆಲ್ಲ ಜಾಸ್ತಿ."

ತಾಯಿ ಸೌಟು ಹಿಡಿದು ನಿಂತೇ ಇದ್ದರು.

"ಬೆಲ್ಲ? ಅಷ್ಟೇನಾ?"

"ಅಷ್ಟೇ."

"ಇಷ್ಟು ವರ್ಷ ಇದ್ದದ್ದು ಬರೀ ಬೆಲ್ಲಾನಾ?" ಎಂದು ತಾಯಿ ನಗತೊಡಗಿದವರು, ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಬಂದಾಗ, "ಅತ್ತೆ ಒಂದ್ಸಲ ವ್ರತ ಮುರಿದು ಹೇಳಬಾರದಿತ್ತಾ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಪಟದ ಕಡೆಗೆ ಮುಖವಿತ್ತು.

ನೆಂಟರೆಲ್ಲ ಹೋದ ಮೇಲೆ, ಮುಂದಿನ ಸೋಮವಾರ, ತಾಯಿ ಒಂದು ಚೂರೂ ಬೆಲ್ಲವಿಲ್ಲದೆ ಎಣ್ಣೆಗಾಯಿ ಮಾಡಿದರು. ಮೊದಲನೆಯದನ್ನು ಅಜ್ಜಿಯ ಪಟದ ಮುಂದೆ ಇಟ್ಟು, ಕೈಮುಗಿದು, ಉತ್ತರಕ್ಕೆ ಕಾಯುವವರಂತೆ ನಿಂತರು. ಅಜ್ಜಿ ಏನೂ ಹೇಳಲಿಲ್ಲ. ಅವಳು ಹೇಳುವವಳಲ್ಲ. ಆಮೇಲೆ ತಂದೆಗೆ ಬಡಿಸಿದರು.

ತಂದೆ ಒಂದು ತುತ್ತು ತಿಂದರು. ಇನ್ನೊಂದು ತುತ್ತು ತಿಂದರು. ತಟ್ಟೆಯನ್ನು ನೋಡಿದರು.

"ಯಾಕೆ, ಬೆಲ್ಲ ಹಾಕೋದು ಮರೆತ್ಯಾ?"

ತಾಯಿ ಪಟದ ಕಡೆ ತಿರುಗಿ ನೋಡಿದರು. ಆಮೇಲೆ ತಂದೆಯ ತಟ್ಟೆಗೆ ಬೇಡ ಬೇಡವೆಂದರೂ ಇನ್ನೊಂದು ಎಣ್ಣೆಗಾಯಿ ಹಾಕಿ, "ನೀವೂ ಒಂದ್ಸಲ ಕಾಶಿಗೆ ಹೋಗಿ ಬನ್ನಿ" ಎಂದರು.